ತೀರ್ಥಹಳ್ಳಿಯಲ್ಲೂ ನಿಂತುಹೋದ ಕಂಪ್ಯೂಟರು

ಮೊಮ್ಮಗಳ ಕಂಪ್ಯೂಟರು ತೀರ್ಥಹಳ್ಳಿಯಲ್ಲೂ ಕೆಟ್ಟು ನಿಂತ ದಿನ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಅವಳ ಕಣ್ಣಲ್ಲಿ ನೀರು, ನನ್ನ ಬಾಯಲ್ಲಿ ನಗು. ಮಗಳು ಅಡುಗೆಮನೆಯಿಂದ ಓಡಿಬಂದು ಅಪ್ಪನಿಗೆ ಏನೋ ಆಗಿಹೋಯಿತೆಂದು ಹೆದರಿದಳು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ, ನಾಚಿಕೆಯ ಜೊತೆಗೆ ನಗುವೂ ಬರುತ್ತದೆ. ಯಾಕೆ ನಕ್ಕೆ ಎಂದು ಹೇಳಬೇಕಾದರೆ ನಮ್ಮ ಮನೆಯ ಹಿಂದಿನ ಹಳ್ಳದಿಂದಲೇ ಶುರುಮಾಡಬೇಕು.

ನಮ್ಮ ಮನೆ ಇರುವುದು ನಿಟ್ಟೂರಿನಿಂದ ಆಚೆ. ಟಾರು ರಸ್ತೆ ಮುಗಿದ ಮೇಲೂ ಅರ್ಧ ಗಂಟೆ ನಡೆಯಬೇಕು. ಕರೆಂಟಿನ ಕಂಬಗಳು ಕಾಡಿನ ಅಂಚಿನವರೆಗೆ ಬಂದು ನಿಂತವು, ಕಾಡು ದಾಟಲಿಲ್ಲ. ಅದಕ್ಕೆ ನಾವು ನಮ್ಮ ಕರೆಂಟನ್ನು ನಾವೇ ಮಾಡಿಕೊಳ್ಳುತ್ತೇವೆ. ಗುಡ್ಡದ ಮೇಲೆ ಹಳ್ಳಕ್ಕೆ ಒಂದು ತೊಟ್ಟಿ ಕಟ್ಟಿ, ಆ ನೀರನ್ನು ಪೈಪಿನಲ್ಲಿ ಕೆಳಗಿಳಿಸಿ, ಒಂದು ಪುಟ್ಟ ಟರ್ಬೈನು ತಿರುಗಿಸುತ್ತೇವೆ. ನಮ್ಮ ಕಡೆ ಇಂಥ ಮನೆಗಳು ಸುಮಾರಿವೆ. ಬೇಸಿಗೆಯಲ್ಲಿ ನೀರು ತೆಳುವಾದರೂ ನಮ್ಮ ಹಳ್ಳ ಪೂರ್ತಿ ಬತ್ತಿದ್ದನ್ನು ನಾನು ನೋಡಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಇಪ್ಪತ್ತರವರೆಗೆ ಮಗ್ಗಿ ಬಾಯಿಗೆ ಬರುತ್ತದೆ, ಕೂಡಿಸಿಕೊಂಡು ಓದಬಲ್ಲೆ, ಅಷ್ಟೆ ನನ್ನ ವಿದ್ಯೆ. ಆದರೆ ಟರ್ಬೈನು ಕೂರಿಸಲು ಬಂದವರು ನಾಲ್ಕು ದಿನ ನಮ್ಮ ಮನೆಯಲ್ಲೇ ಉಳಿದಿದ್ದಾಗ ನಾನು ಅವರ ಬೆನ್ನು ಬಿಡಲಿಲ್ಲ. ಬೆಲ್ಟು ಬಿಗಿ ಮಾಡುವುದು, ಬೇರಿಂಗಿಗೆ ಗ್ರೀಸು ಹಾಕುವುದು, ತೊಟ್ಟಿಯ ಬಾಯಿಯ ಜಾಲರಿಗೆ ಎಲೆ ಕಟ್ಟಿದರೆ ಬಿಡಿಸುವುದು, ಎಲ್ಲ ಅವರಿಂದ ಕಲಿತೆ. ಮನೆಯಲ್ಲಿ ಬಲ್ಬು ಒಂದು ಚೂರು ಮಂಕಾದರೂ ನನಗೆ ಕೂತಲ್ಲೇ ಗೊತ್ತಾಗುತ್ತದೆ. ಈ ಕರೆಂಟನ್ನು ಕೂಡಿಡಲು ಬರುವುದಿಲ್ಲ. ನಾವು ಬಳಸದೆ ಉಳಿದದ್ದನ್ನು ಗೋಡೆಯ ಮೇಲಿನ ಒಂದು ಪೆಟ್ಟಿಗೆ ತಾನಾಗಿಯೇ ಬಚ್ಚಲ ಹಂಡೆಯೊಳಗೆ ನೀರು ಕಾಯಿಸುವ ಕಾಯಿಲ್‌ಗೆ ತಿರುಗಿಸುತ್ತದೆ. ಟಿವಿ ಆರಿಸಿದರೆ ಸ್ನಾನದ ನೀರು ಇನ್ನಷ್ಟು ಕಾಯುತ್ತದೆ, ಅಷ್ಟೇ ಲೆಕ್ಕ.

ಇಷ್ಟೆಲ್ಲ ನೋಡಿಕೊಂಡರೂ ಮನೆಯಲ್ಲಿ ಏನು ಕೆಟ್ಟರೂ ತಪ್ಪು ಹೊರಬೇಕಾದದ್ದು ನಾನೇ. ಮಿಕ್ಸಿ ಸುಟ್ಟರೆ ಹಳ್ಳದ ಕರೆಂಟು. ಟಿವಿಯಲ್ಲಿ ಗೆರೆ ಬಂದರೆ ಹಳ್ಳದ ಕರೆಂಟು. ಒಮ್ಮೆ ಮಗನ ಮೊಬೈಲು ನೀರಿಗೆ ಬಿದ್ದು ಹಾಳಾದಾಗಲೂ ನನ್ನ ಹೆಂಡತಿ ಮೊದಲು ಗೋಡೆಯ ವೋಲ್ಟು ಮೀಟರಿನ ಕಡೆಗೇ ನೋಡಿದಳು. ನಾನು ಮೇಲೆ ಸಿಟ್ಟು ತೋರಿಸುತ್ತಿದ್ದೆ, ಒಳಗೊಳಗೇ ಇರಬಹುದೇನೋ ಅನ್ನಿಸುತ್ತಿತ್ತು. ಎಷ್ಟೆಂದರೂ ನಾಲ್ಕನೇ ಕ್ಲಾಸು ಓದಿದವನು ನೋಡಿಕೊಳ್ಳುವ ಕರೆಂಟು.

ಮೊಮ್ಮಗಳು ಎಂದೆನಲ್ಲ, ಅವಳು ನನ್ನ ಮಗನ ಮಗಳು. ಏಳನೇ ಕ್ಲಾಸು ಮುಗಿದದ್ದೇ ಹೊಸನಗರದ ಹಾಸ್ಟೆಲಿಗೆ ಹೋದಳು, ಅಲ್ಲಿಂದ ಸಾಗರದ ಕಾಲೇಜಿಗೆ. ಮನೆಗೆ ಬಂದರೂ ರಜೆಗೆ ಬಂದ ನೆಂಟರ ಹಾಗೆ ಬ್ಯಾಗು ಪೂರ್ತಿ ಬಿಚ್ಚದೆ ಇದ್ದು ಹೋಗುತ್ತಿದ್ದಳು. ಇಂಥವಳು ಹೋದ ದೀಪಾವಳಿ ಕಳೆದ ಮೇಲೆ ಪುಸ್ತಕ, ಹಾಸಿಗೆ, ಚಪ್ಪಲಿ ಎಲ್ಲ ಕಟ್ಟಿಕೊಂಡು ಬಂದು, ಇನ್ನು ಇಲ್ಲೇ ಕೂತು ಕೆಲಸ ಮಾಡುತ್ತೇನೆ ಎಂದಳು. ನನಗೆ ಮೊದಲು ನಂಬಿಕೆಯೇ ಬರಲಿಲ್ಲ. ಅವಳು ಬ್ಯಾಗು ಬಿಚ್ಚಿ ಬಟ್ಟೆಗಳನ್ನು ಕಪಾಟಿನಲ್ಲಿ ಜೋಡಿಸುವುದನ್ನು ಬಾಗಿಲಲ್ಲಿ ನಿಂತು ನೋಡಿದೆ. ಕೊನೆಯ ಅಂಗಿಯವರೆಗೂ ನೋಡಿದೆ.

ಅವಳ ಕೆಲಸ ಮನೆಗಳ ಚಿತ್ರ ಮಾಡುವುದು. ಯಾರಾದರೂ ಮನೆ ಕಟ್ಟುವ ಮುಂಚೆ, ಮುಗಿದ ಮೇಲೆ ಅದು ಹೇಗೆ ಕಾಣುತ್ತದೆ, ಕಿಟಕಿಯಿಂದ ಬಿಸಿಲು ಎಲ್ಲಿ ಬೀಳುತ್ತದೆ, ಎಲ್ಲವನ್ನೂ ಫೋಟೋ ತೆಗೆದ ಹಾಗೆ ಮಾಡಿ ತೋರಿಸುತ್ತಾಳೆ. ಸಾಗರದ ಒಬ್ಬ ಇಂಜಿನಿಯರು ಅವಳಿಗೆ ಮೊದಲ ಕೆಲಸ ಕೊಟ್ಟಿದ್ದರು. ಒಂದು ಮನೆ, ಒಳಗೆ ಹೊರಗೆ ಸೇರಿ ಬಹಳಷ್ಟು ಚಿತ್ರ, ಎರಡು ವಾರದ ವಾಯಿದೆ. ಹೇಳಿದ ದಿನಕ್ಕೆ ಕೊಟ್ಟರೆ ಮುಂದೆ ತಿಂಗಳು ತಿಂಗಳೂ ಕೆಲಸ.

ಚಿತ್ರವನ್ನು ಅವಳು ಬಿಡಿಸಿ ಮುಗಿಸಿದ ಮೇಲೆ ಕಂಪ್ಯೂಟರು ಅದನ್ನು ಬೇಯಿಸಬೇಕು. ಬೇಯಿಸುವುದು ಎನ್ನುವುದು ನನ್ನ ಮಾತು, ಅವಳು ಬೇರೆ ಏನೋ ಅನ್ನುತ್ತಾಳೆ. ಒಂದೊಂದು ಚಿತ್ರಕ್ಕೆ ಎರಡೆರಡು ಗಂಟೆ. ಅಷ್ಟು ಹೊತ್ತು ಅದು ನಿಲ್ಲುವಂತಿಲ್ಲ. ನಡುವೆ ನಿಂತರೆ ಮತ್ತೆ ಮೊದಲಿಂದ. ಅವಳ ಕಂಪ್ಯೂಟರು ಹೊಸದಲ್ಲ. ಯಾರೋ ಆಟ ಆಡಲು ಇಟ್ಟುಕೊಂಡು ಬಿಟ್ಟಿದ್ದನ್ನು ಸಾಗರದ ಹಳೆ ಸಾಮಾನಿನ ಅಂಗಡಿಯಲ್ಲಿ ಹುಡುಕಿ ತಂದಿದ್ದಳು. ಅದರ ವೇಗದಲ್ಲಿ ಹೋದರೆ ಎರಡು ವಾರಕ್ಕೆ ಮುಗಿಯುವುದಿಲ್ಲ ಎಂದು ಅವಳಿಗೆ ಮೊದಲ ದಿನವೇ ಗೊತ್ತಾಯಿತು.

ಆಗ ಅವಳು ಅದರ ವೇಗ ಏರಿಸಿದಳು. ಹಾಗೆ ಏರಿಸಲು ಬರುತ್ತದೆ ಎನ್ನುವುದೇ ನನಗೆ ಹೊಸ ಸುದ್ದಿ. ಓವರ್‌ಕ್ಲಾಕ್ ಅನ್ನುತ್ತಾರಂತೆ. ಪಕ್ಕದಲ್ಲಿ ಕೂರಿಸಿಕೊಂಡು ವಿವರಿಸಿದಳು. ಒಳಗಿನ ಮದರ್‌ಬೋರ್ಡು ಒಂದೇ ಸಮನೆ ಬಡಿಯುತ್ತಿರುತ್ತದೆ, ಆ ಬಡಿತಕ್ಕೆ ಒಂದು ಅಂಕಿ ಇದೆ, ನೂರ ಮೂವತ್ತಮೂರು. ಪ್ರೊಸೆಸರು ಅದರ ಇಪ್ಪತ್ತು ಪಟ್ಟು ವೇಗದಲ್ಲಿ ಓಡುತ್ತದೆ. ಬಡಿತವನ್ನೇ ಏರಿಸಿದರೆ ಪ್ರೊಸೆಸರೂ ತಾನಾಗಿ ಏರುತ್ತದೆ. ಅವಳು ನೂರ ಅರವತ್ತಕ್ಕೆ ಏರಿಸಿದಳು. ತಣ್ಣಗಿಡಲು ದೊಡ್ಡ ಫ್ಯಾನು ಹಾಕಿದಳು. ಎರಡು ಗಂಟೆಯ ಚಿತ್ರ ನೂರು ನಿಮಿಷಕ್ಕೆ ಮುಗಿಯಿತು. ಇಬ್ಬರೂ ಕೈ ತಟ್ಟಿಕೊಂಡೆವು.

ಎರಡನೇ ಚಿತ್ರ ಮುಕ್ಕಾಲು ಬೆಂದಿತ್ತು. ಪರದೆ ಒಮ್ಮೆಲೇ ನೀಲಿಯಾಗಿ, ಅದರ ಮೇಲೆ ಬಿಳಿ ಅಕ್ಷರ ಮೂಡಿ, ಕಂಪ್ಯೂಟರು ತಾನೇ ಆರಿ ತಾನೇ ಹತ್ತಿಕೊಂಡಿತು. ಅವಳು ತಲೆ ಎತ್ತಿ ನನ್ನ ಕಡೆ ನೋಡಿ, ಕರೆಂಟು ಏನಾದರೂ ಸ್ವಲ್ಪ ಆಚೀಚೆ ಆಯಿತಾ ಎಂದು ಕೇಳಿದಳು. ಬೈದು ಕೇಳಲಿಲ್ಲ, ಸುಮ್ಮನೆ ಕೇಳಿದಳು. ನಾನು ಕತ್ತಿ ಹಿಡಿದು ಗುಡ್ಡ ಹತ್ತಿದೆ.

ಜಾಲರಿಯಲ್ಲಿ ಎರಡು ಎಲೆ ಸಿಕ್ಕವು. ಎರಡೇ ಎರಡು. ಅವನ್ನು ಕೈಯಲ್ಲಿ ಹಿಡಿದುಕೊಂಡು ಬಂದು, ಇವೇ ನೋಡು ಕಾರಣ ಎಂದು ತೋರಿಸಿದೆ. ಅವಳು ತಲೆಯಾಡಿಸಿ ಮತ್ತೆ ಚಿತ್ರ ಹಾಕಿದಳು. ಒಂದು ಗಂಟೆಗೆ ಮತ್ತೆ ನೀಲಿ. ನಾನು ಮತ್ತೆ ಗುಡ್ಡಕ್ಕೆ. ಈ ಸಲ ಎಲೆಯೂ ಇರಲಿಲ್ಲ. ತೊಟ್ಟಿಯ ನೀರು ಕನ್ನಡಿಯ ಹಾಗೆ ನಿಂತಿತ್ತು. ಆ ವಾರ ದಿನಕ್ಕೆ ನಾಲ್ಕೈದು ಸಲ ಗುಡ್ಡ ಹತ್ತಿ ಇಳಿದೆ. ಬೆಲ್ಟು ಬಿಗಿ ಮಾಡಿದೆ, ಬೇರಿಂಗಿಗೆ ಬೇಡದಿದ್ದರೂ ಗ್ರೀಸು ಹಾಕಿದೆ. ಕೆಲವು ಸಲ ಒಂದು ಚಿತ್ರ ಪೂರ್ತಿ ಆಗುತ್ತಿತ್ತು, ಕೆಲವು ಸಲ ಹತ್ತು ನಿಮಿಷಕ್ಕೇ ನೀಲಿ.

ವೇಗವನ್ನು ಮೊದಲಿನ ನೂರ ಮೂವತ್ತಮೂರಕ್ಕೆ ಇಳಿಸಿದರೆ ಮಾತ್ರ ಕಂಪ್ಯೂಟರು ಒಂದು ಸಲವೂ ನಿಲ್ಲುತ್ತಿರಲಿಲ್ಲ. ನನ್ನ ವಿರುದ್ಧ ದೊಡ್ಡ ಸಾಕ್ಷಿ ಅದೇ. ವೇಗ ಏರಿಸಿದಾಗ ಅದು ಹೆಚ್ಚು ಕರೆಂಟು ಎಳೆಯುತ್ತದೆ, ಹೆಚ್ಚು ಎಳೆದಾಗ ನಮ್ಮ ಹಳ್ಳಕ್ಕೆ ಕೊಡಲು ಆಗುವುದಿಲ್ಲ ಎಂದು ಮಗ ಹೇಳಿದ. ಸೊಸೆ ಹೌದು ಎಂದಳು. ನನಗೂ ಹೌದು ಅನ್ನಿಸಿತು.

ಆಮೇಲೆ ನಾನೊಂದು ಹುಚ್ಚು ಕೆಲಸ ಮಾಡಿದೆ. ಕಂಪ್ಯೂಟರು ಓಡುವಾಗ ಮನೆಯಲ್ಲಿ ಬೇರೆ ಯಾರೂ ಕರೆಂಟು ಬಳಸಬಾರದು ಎಂದು ಹೇಳಿಬಿಟ್ಟೆ. ಮಿಕ್ಸಿ ಬಂದ್, ಟಿವಿ ಬಂದ್, ಬಲ್ಬು ಸಹ ಒಂದೇ. ಉಳಿದ ಕರೆಂಟು ಹಂಡೆಗೆ ಹೋಗುತ್ತದೆಯೇ ಹೊರತು ಕಂಪ್ಯೂಟರಿಗೆ ಹೆಚ್ಚಾಗಿ ಸಿಗುವುದಿಲ್ಲ ಎನ್ನುವುದು ಆ ಮನೆಯಲ್ಲಿ ಸರಿಯಾಗಿ ಗೊತ್ತಿದ್ದವನು ನಾನೊಬ್ಬನೇ. ಗೊತ್ತಿದ್ದೂ ಹೇಳಿದೆ. ಏನೂ ಮಾಡದೆ ಕೂರಲು ಆಗಲಿಲ್ಲ. ಬಚ್ಚಲಲ್ಲಿ ನೀರು ಮಧ್ಯಾಹ್ನವೆಲ್ಲ ಕುದಿಯಿತು. ಮಗ ಸ್ನಾನಕ್ಕೆ ಹೋಗಿ ಮೈ ಸುಟ್ಟುಕೊಂಡು ಬಂದ. ನನ್ನ ಹೆಂಡತಿ ಒರಳು ತೊಳೆದು ಚಟ್ನಿ ರುಬ್ಬಿದಳು. ರುಬ್ಬುತ್ತಾ ಅಂದಳು:

"ಅದಕ್ಕೆ ನೈವೇದ್ಯ ಆಗೋ ತನಕ ಮನೆಯವ್ರಿಗೆ ಊಟ ಇಲ್ಲ ಅಂದಂಗಾಯ್ತು."

ಮೊಮ್ಮಗಳಿಗೆ ಇದನ್ನೆಲ್ಲ ನೋಡಿ ಬೇಜಾರಾಗಿರಬೇಕು. ಒಂದು ಸಂಜೆ ಜಗಲಿಯಲ್ಲಿ ನನ್ನ ಪಕ್ಕ ಬಂದು ಕೂತು, ತುಂಬಾ ಮೆಲ್ಲಗೆ ಹೇಳಿದಳು:

"ಅಜ್ಜ, ಸಾಗರದಲ್ಲಿ ನನ್ ಫ್ರೆಂಡ್ ರೂಮಲ್ಲಿ ಒಂದು ಜಾಗ ಖಾಲಿ ಇದೆಯಂತೆ. ಅಲ್ಲಿ ಲೈನ್ ಕರೆಂಟು. ಕೆಲಸ ಇದ್ದಾಗ ಅಲ್ಲಿರ್ತೀನಿ. ಆಗಾಗ ಬರ್ತೀನಿ."

ಆಗಾಗ ಎಂದರೆ ಎಷ್ಟು ಎಂದು ನನಗೆ ಗೊತ್ತು. ಏಳನೇ ಕ್ಲಾಸಿನಿಂದ ಅವಳು ಆಗಾಗಲೇ ಬಂದದ್ದು. ಕಪಾಟಿನಲ್ಲಿಟ್ಟ ಬಟ್ಟೆ ಮತ್ತೆ ಬ್ಯಾಗಿಗೆ ಹೋಗುತ್ತದೆ, ಅದೂ ನಾನು ನೋಡಿಕೊಳ್ಳುವ ಹಳ್ಳದ ದೆಸೆಯಿಂದ. ನಾನು ಹೂಂ ಎಂದೆ.

ಮರುದಿನ ಬೆಳಿಗ್ಗೆ ಮೀಟರಿನ ಮುಂದೆ ನಿಂತಿದ್ದಾಗ ನನಗೆ ಒಂದು ಯೋಚನೆ ಬಂತು. ತಪ್ಪು ಹಳ್ಳದ್ದೇ ಹೌದೋ ಅಲ್ಲವೋ ಎಂದು ಗೊತ್ತಾಗಬೇಕಾದರೆ ಒಂದು ಸಲ ಬೇರೆ ಕರೆಂಟಿಗೆ ಹಾಕಿ ನೋಡಬೇಕಲ್ಲ. ಹೇಳಲು ಭಯ. ಬೇರೆ ಕಡೆ ಚೆನ್ನಾಗಿ ಓಡಿಬಿಟ್ಟರೆ ನಾನೇ ಅವಳನ್ನು ಸಾಗರಕ್ಕೆ ಕಳಿಸಿಕೊಟ್ಟ ಹಾಗೆ. ಹೇಳದೆ ಇದ್ದರೂ ಅವಳು ಹೋಗುವವಳೇ. ಕಾಫಿ ಕುಡಿಯುವಾಗ ಹೇಳಿಯೇಬಿಟ್ಟೆ, ತೀರ್ಥಹಳ್ಳಿಗೆ ನಿನ್ನ ಅತ್ತೆಯ ಮನೆಗೆ ಒಯ್ದು ನೋಡೋಣ ಎಂದು. ಸಾಗರಕ್ಕೇ ಒಯ್ಯಬಹುದಿತ್ತು. ಆದರೆ ಸಾಗರಕ್ಕೆ ಹೋದರೆ ಅವಳು ಅಲ್ಲೇ ಉಳಿದುಬಿಡುತ್ತಾಳೆ ಎಂದು ನನ್ನ ಲೆಕ್ಕ. ತೀರ್ಥಹಳ್ಳಿಯಾದರೆ ನೆಂಟರ ಮನೆ, ವಾಪಸ್ಸು ಬರಲೇಬೇಕು.

ಕಂಪ್ಯೂಟರಿನ ಡಬ್ಬವನ್ನು ಹಳೆಯ ಕಂಬಳಿಯಲ್ಲಿ ಸುತ್ತಿ, ಮೇಲೆ ಗೋಣಿ ಹಾಕಿ ಹಗ್ಗ ಕಟ್ಟಿದೆವು. ಪರದೆಯನ್ನು ಅವಳು ಹಿಡಿದಳು, ಡಬ್ಬವನ್ನು ನಾನು ತೊಡೆಯ ಮೇಲಿಟ್ಟುಕೊಂಡೆ. ನಿಟ್ಟೂರಿನಿಂದ ನಗರ ಎನ್ನುವ ಊರಿಗೆ ಒಂದು ಬಸ್ಸು, ಅಲ್ಲಿಂದ ತೀರ್ಥಹಳ್ಳಿಗೆ ಇನ್ನೊಂದು. ಎರಡನೇ ಬಸ್ಸಿನ ಕಂಡಕ್ಟರು ಟಿಕೆಟ್ ಕೊಡಲು ಬಂದವನು ದೂರವೇ ನಿಂತು, "ಅಜ್ಜ, ಎಂತ ಅದು, ಜೇನು ಪೆಟ್ಟಿಗೆಯಾ? ಜೇನಾದ್ರೆ ಹಿಂದಿನ ಸೀಟಿಗೆ ಹೋಗಿ ಮಾರಾಯ್ರೆ" ಅಂದ. ಮೊಮ್ಮಗಳು ಜೇನಿಲ್ಲ, ಹುಳ ಮಾತ್ರ ಇದೆ ಎಂದಳು. ಸುತ್ತ ಕೂತವರು ನಕ್ಕರು. ನನಗೆ ನಗು ಬರಲಿಲ್ಲ. ಪ್ರತಿ ತಿರುವಿನಲ್ಲೂ ಡಬ್ಬವನ್ನು ಎದೆಗೆ ಒತ್ತಿ ಹಿಡಿದು, ನನ್ನ ತಪ್ಪನ್ನು ನಾನೇ ಹೊತ್ತುಕೊಂಡು ಪಂಚಾಯ್ತಿಗೆ ಹೊರಟವನ ಹಾಗೆ ಕೂತಿದ್ದೆ.

ಮಗಳ ಮನೆಯಲ್ಲಿ ಊಟದ ಟೇಬಲ್ಲಿನ ಮೇಲೆ ಎಲ್ಲವನ್ನೂ ಜೋಡಿಸಿದಳು. ವೇಗ ನೂರ ಅರವತ್ತು, ಮನೆಯಲ್ಲಿ ಇದ್ದ ಹಾಗೇ. ಮಧ್ಯಾಹ್ನ ಮೂರು ಗಂಟೆಗೆ ಚಿತ್ರ ಹಾಕಿದಳು. ನಾನು ಕುರ್ಚಿ ಎಳೆದುಕೊಂಡು ಎದುರಿಗೆ ಕೂತೆ. ಹತ್ತು ನಿಮಿಷ ಆಯಿತು, ಅರ್ಧ ಗಂಟೆ ಆಯಿತು. ಪರದೆಯ ಮೇಲೆ ಚೌಕ ಚೌಕವಾಗಿ ಯಾರದೋ ಮನೆಯ ಹಜಾರ ಮೂಡುತ್ತಾ ಹೋಯಿತು. ಒಂದು ಚೌಕವೂ ತಪ್ಪಲಿಲ್ಲ. ನೂರು ನಿಮಿಷಕ್ಕೆ ಚಿತ್ರ ಪೂರ್ತಿ ಆಯಿತು.

ಮಗಳು ಪಾಪ ನನ್ನ ಮನಸ್ಸು ತಿಳಿಯದೆ, ಇಲ್ಲಿ ಎಷ್ಟು ಚೆನ್ನಾಗಿ ಓಡುತ್ತಿದೆ ನೋಡಿ ಎಂದಳು. ಮೊಮ್ಮಗಳು ನನ್ನ ಮುಖ ನೋಡದೆ ಎರಡನೇ ಚಿತ್ರ ಹಾಕಿದಳು. ಅವಳು ನೋಡದೆ ಇದ್ದದ್ದೇ ನನಗೆ ಹೆಚ್ಚು ನೋವಾಯಿತು. ತಟ್ಟೆಯಲ್ಲಿ ದೋಸೆ ಆರಿಹೋಯಿತು. ಇನ್ನು ಸಾಗರದ ರೂಮೇ ಗತಿ ಎಂದುಕೊಂಡೆ. ಅಲ್ಲಿಗೆ ಅವಳ ಸಾಮಾನು ಸಾಗಿಸುವ ದಿನ ನಾನೂ ಜೊತೆಗೆ ಹೋಗಬೇಕೋ ಬೇಡವೋ ಎಂದು ಯೋಚಿಸುತ್ತಾ ಕೂತಿದ್ದೆ.

ಆಗ ಪರದೆ ನೀಲಿಯಾಯಿತು.

ಅದೇ ನೀಲಿ, ಅದೇ ಬಿಳಿ ಅಕ್ಷರ. ಮೇಲೆ ಫ್ಯಾನು ಅದೇ ವೇಗದಲ್ಲಿ ತಿರುಗುತ್ತಿತ್ತು, ಟ್ಯೂಬ್‌ಲೈಟು ಕಣ್ಣು ಮಿಟುಕಿಸಿರಲಿಲ್ಲ. ಮೊಮ್ಮಗಳು ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡಳು. ವಾಯಿದೆಗೆ ಉಳಿದದ್ದು ಆರು ದಿನ, ಅವಳಿಗೆ ಉಳಿದದ್ದು ಅರ್ಧಕ್ಕಿಂತ ಹೆಚ್ಚು ಕೆಲಸ. ನಾನು ನಕ್ಕುಬಿಟ್ಟೆ. ಬೇಕೆಂದು ನಕ್ಕದ್ದಲ್ಲ, ಎದೆಯೊಳಗೆ ಕಟ್ಟಿಕೊಂಡಿದ್ದೇನೋ ಒಡೆದು ಹೊರಗೆ ಬಂತು.

"ಅಪ್ಪಯ್ಯ, ಮಗು ಅಳ್ತಾ ಕೂತಿದೆ, ನೀವು ನಗ್ತಾ ಇದೀರಲ್ಲ" ಎಂದು ಮಗಳು ಗದರಿದಳು.

"ಇಲ್ಲೂ ನಿಂತು ಹೋಯ್ತು ಮಗಾ. ಲೈನ್ ಕರೆಂಟಲ್ಲೂ ನಿಂತು ಹೋಯ್ತು" ಎಂದೆ. ಹೇಳುತ್ತಾ ನನಗೂ ಕಣ್ಣಲ್ಲಿ ನೀರು ಬಂತು.

ಮೊಮ್ಮಗಳು ಮುಖದಿಂದ ಕೈ ತೆಗೆದು ನನ್ನನ್ನು ನೋಡಿದಳು.

"ಇಷ್ಟು ದಿನ ನಿಮ್ದೇ ತಪ್ಪು ಅಂತ ತಿಳ್ಕಂಡಿದ್ರಾ ಅಜ್ಜ?"

ಅವಳು ಎದ್ದು ಬಂದು ನನ್ನ ಭುಜಕ್ಕೆ ತಲೆ ಒತ್ತಿ, ನಾನೂ ಹಾಗೇ ತಿಳಿದುಕೊಂಡಿದ್ದೆ ಎಂದಳು. ಆಮೇಲೆ ಮೂಗು ಒರೆಸಿಕೊಂಡು, ಸರಿ, ಕರೆಂಟು ಅಲ್ಲ ಅಂದ ಮೇಲೆ ಇದರ ಒಳಗೇ ಇದೆ ಎಂದು ಡಬ್ಬದ ಬಾಗಿಲು ಬಿಚ್ಚಿದಳು. ಅವಳ ದನಿ ಬದಲಾಗಿತ್ತು. ಒಂದು ವಾರ ಇಬ್ಬರೂ ಗುಡ್ಡದ ಕಡೆ ನೋಡುತ್ತಾ ಕೂತದ್ದರಿಂದ ಡಬ್ಬದ ಒಳಗೆ ಯಾರೂ ಸರಿಯಾಗಿ ನೋಡಿರಲೇ ಇಲ್ಲ.

ಅವಳು ಕಂಪ್ಯೂಟರು ಹತ್ತಿಕೊಳ್ಳುವಾಗಲೇ ಒಂದು ಗುಂಡಿ ಒತ್ತಿ ಸೆಟ್ಟಿಂಗಿನ ಪುಟ ತೆರೆದಳು. ಒಂದೊಂದೇ ಸಾಲು ಓದುತ್ತಾ ನನ್ನ ಕೈಗೆ ಪೆನ್ಸಿಲು ಕೊಟ್ಟು ಬರೆದುಕೊಳ್ಳಲು ಹೇಳಿದಳು. ಬಡಿತ ನೂರ ಅರವತ್ತು. ಪ್ರೊಸೆಸರು ಇಪ್ಪತ್ತು ಪಟ್ಟು. ಕೆಳಗೆ ಮೆಮೊರಿ ಎಂದು ಒಂದು ಸಾಲು, ಅದರ ಮುಂದೆ ರೇಶಿಯೊ, ಅಂದರೆ ಎಷ್ಟು ಪಟ್ಟು ಎನ್ನುವುದು, ಹತ್ತು. ಅವಳು ಅಲ್ಲಿ ನಿಂತಳು.

"ಅಜ್ಜ, ನೂರರವತ್ತು ಹತ್ತಲಿ ಎಷ್ಟು?"

ಸಾವಿರದ ಆರುನೂರು ಎಂದೆ. ಇದಕ್ಕೆ ಮಗ್ಗಿ ಯಾಕೆ ಬೇಕು ಎಂದು ನನಗೆ ಸ್ವಲ್ಪ ಬೇಜಾರೇ ಆಯಿತು. ಅವಳು ಕಂಪ್ಯೂಟರನ್ನು ಆರಿಸಿ, ಬೋರ್ಡಿನಿಂದ ಬಾಚಣಿಗೆಯಂಥ ಒಂದು ಹಸಿರು ಪಟ್ಟಿಯನ್ನು ಮೆಲ್ಲಗೆ ಕಿತ್ತು, ಅದರ ಮೇಲಿನ ಚೀಟಿಯನ್ನು ಬೆಳಕಿಗೆ ಹಿಡಿದಳು. ಅದೇ ಮೆಮೊರಿ. ಚೀಟಿಯಲ್ಲಿದ್ದ ಅಂಕಿ ಸಾವಿರದ ಮುನ್ನೂರ ಮೂವತ್ತಮೂರು. ಅವಳು ಹಣೆ ಚಚ್ಚಿಕೊಂಡಳು.

ಆದದ್ದು ಇಷ್ಟು. ಬಡಿತ ಏರಿಸಿದಾಗ ಅವಳು ಪ್ರೊಸೆಸರಿನ ಬಗ್ಗೆ ಮಾತ್ರ ಯೋಚಿಸಿದ್ದಳು. ಆದರೆ ಮೆಮೊರಿಯೂ ಅದೇ ಬಡಿತಕ್ಕೆ ಓಡುವುದು, ಅದರ ಹತ್ತು ಪಟ್ಟು. ಬಡಿತ ನೂರ ಮೂವತ್ತಮೂರು ಇದ್ದಾಗ ಅದಕ್ಕೆ ಸರಿಯಾಗಿತ್ತು. ನೂರ ಅರವತ್ತು ಆದ ಕೂಡಲೇ ಪಾಪದ ಮೆಮೊರಿಯನ್ನು ಸಾವಿರದ ಆರುನೂರಕ್ಕೆ ಓಡಿಸಿದ ಹಾಗಾಯಿತು. ಅದು ತಡೆಯುವಷ್ಟು ಹೊತ್ತು ತಡೆದು, ಆಮೇಲೆ ತಪ್ಪು ಮಾಡುತ್ತಿತ್ತು. ವೇಗ ಇಳಿಸಿದಾಗ ಸರಿಯಾಗುತ್ತಿದ್ದದ್ದು ಕರೆಂಟು ಕಡಿಮೆ ಎಳೆದದ್ದರಿಂದಲ್ಲ, ಮೆಮೊರಿಗೆ ಉಸಿರು ಸಿಕ್ಕಿದ್ದರಿಂದ. ವಾಲ್ವು ಪೂರ್ತಿ ತೆರೆದರೆ ನಮ್ಮ ಟರ್ಬೈನಿನ ಬೆಲ್ಟು ಕಿರುಚುತ್ತದಲ್ಲ, ಹಾಗೇನಾ ಎಂದು ಕೇಳಿದೆ. ಹೆಚ್ಚುಕಮ್ಮಿ ಹಾಗೇ ಎಂದಳು, ಬೆಲ್ಟಾದರೆ ಕಿರುಚುತ್ತದೆ, ಇದು ಸುಮ್ಮನಿದ್ದು ಕೆಡುತ್ತದೆ ಎಂದಳು.

ಹೌದೋ ಅಲ್ಲವೋ ಎಂದು ಮೊದಲು ಪರೀಕ್ಷೆ. ಮೆಮೊರಿಯನ್ನೇ ಓದಿಸಿ ಬರೆಸಿ ನೋಡುವ ಒಂದು ಸಾಧನವನ್ನು ಪೆನ್‌ಡ್ರೈವಿನಲ್ಲಿ ಹಾಕಿ ಓಡಿಸಿದಳು. ಕಾಲು ಗಂಟೆಯೊಳಗೆ ಪರದೆಯ ಮೇಲೆ ಕೆಂಪು ಸಾಲು. ಒಂದರ ಕೆಳಗೊಂದು ಬರುತ್ತಲೇ ಹೋಯಿತು. ಮಗಳು ಅಯ್ಯೋ ಎಂದಳು. ಮೊಮ್ಮಗಳು ಮಾತ್ರ ಪ್ರತಿ ಕೆಂಪು ಸಾಲಿಗೂ ಸಂತೋಷ ಪಡುತ್ತಿದ್ದಳು. ನನ್ನ ನಗುವಿನ ಅರ್ಥ ಆಗ ಅವಳಿಗೆ ಪೂರ್ತಿ ತಿಳಿದಿರಬೇಕು.

ಮತ್ತೆ ಸೆಟ್ಟಿಂಗಿನ ಪುಟ. ರೇಶಿಯೊ ಇದ್ದ ಸಾಲಿನಲ್ಲಿ ಆರು, ಎಂಟು, ಹತ್ತು ಎಂದು ಮೂರು ಇದ್ದವು. ಈ ಸಲ ಅವಳು ಕೇಳುವ ಮೊದಲೇ ನಾನು ನೂರ ಅರವತ್ತು ಎಂಟಲಿ ಸಾವಿರದ ಇನ್ನೂರ ಎಂಬತ್ತು ಎಂದೆ. ಚೀಟಿಯ ಅಂಕಿಗಿಂತ ಕೆಳಗೇ ಬಂತು. ಮೆಮೊರಿ ಮೊದಲಿಗಿಂತ ಒಂದು ಚೂರು ನಿಧಾನ ಆದೀತು, ಪ್ರೊಸೆಸರಿನ ವೇಗ ಮಾತ್ರ ಏರಿಸಿದಷ್ಟೇ ಇರುತ್ತದೆ, ಚಿತ್ರಕ್ಕೆ ಬೇಕಾದದ್ದು ಅದೇ ಎಂದು ಅವಳು ಹೇಳಿದಳು. ಆಮೇಲೆ ಕೀಬೋರ್ಡನ್ನು ನನ್ನ ಕಡೆ ತಳ್ಳಿ, ಇಳಿಸುವ ಗುಂಡಿ ತೋರಿಸಿ, "ನೀವೇ ಒತ್ತಿ ಅಜ್ಜ. ಒಂದೇ ಸಲ" ಎಂದಳು.

ಒತ್ತಿದೆ. ಹತ್ತು ಹೋಗಿ ಎಂಟು ಬಂತು. ಅಷ್ಟೇ ಕೆಲಸ. ಒಂದು ವಾರ ಗುಡ್ಡ ಹತ್ತಿ ಇಳಿದದ್ದು, ಹೆಂಡತಿಯಿಂದ ಒರಳಲ್ಲಿ ಚಟ್ನಿ ರುಬ್ಬಿಸಿದ್ದು, ಡಬ್ಬ ಹೊತ್ತು ಎರಡು ಬಸ್ಸು ಹತ್ತಿದ್ದು, ಎಲ್ಲ ಈ ಒಂದು ಗುಂಡಿಗೆ.

ಪರೀಕ್ಷೆ ಮತ್ತೆ ಓಡಿತು. ಮೂರು ಗಂಟೆ ಓಡಿದರೂ ಒಂದು ಕೆಂಪು ಸಾಲೂ ಬರಲಿಲ್ಲ. ಮರುದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಎರಡು ಚಿತ್ರ ಬೆಂದವು. ಮಗಳು ಇನ್ನೆರಡು ದಿನ ಇದ್ದು ಕೆಲಸ ಮುಗಿಸಿಕೊಂಡೇ ಹೋಗಿ ಎಂದು ಬೇಡಿಕೊಂಡಳು. ಮೊಮ್ಮಗಳು ನನ್ನ ಮುಖ ನೋಡಿದಳು. ನಾವು ಹೊರಟೆವು.

ದಾರಿಯುದ್ದಕ್ಕೂ ನನಗೆ ಇನ್ನೊಂದು ಭಯ. ತಪ್ಪು ಮೆಮೊರಿಯದು ಎಂದು ಗೊತ್ತಾಯಿತು, ಸರಿ. ಆದರೆ ಹಳ್ಳದ ತಪ್ಪೂ ಜೊತೆಗೆ ಇರಬಾರದು ಎಂದೇನಿಲ್ಲವಲ್ಲ. ಮನೆಯಲ್ಲಿ ಹಾಕಿದ ಮೇಲೆ ಮತ್ತೆ ನೀಲಿಯಾದರೆ ಆಗ ಹೇಳಲು ನನ್ನ ಹತ್ತಿರ ಏನೂ ಇರುವುದಿಲ್ಲ. ಈ ಮಾತನ್ನು ಅವಳಿಗೆ ಹೇಳಲಿಲ್ಲ. ಅವಳೂ ಅದನ್ನೇ ಯೋಚಿಸುತ್ತಿದ್ದಳು ಎಂದು ಕಾಣುತ್ತದೆ, ನಗರ ಬರುವವರೆಗೆ ಪರದೆಯನ್ನು ಎದೆಗೆ ಒತ್ತಿಕೊಂಡೇ ಕೂತಿದ್ದಳು.

ಮಾರನೆಯ ಬೆಳಿಗ್ಗೆ ಮನೆಯಲ್ಲಿ ಎಲ್ಲ ಜೋಡಿಸಿದಳು. ಮೀಟರಿನ ಮುಳ್ಳು ಇನ್ನೂರ ಮೂವತ್ತರ ಹತ್ತಿರ ಇತ್ತು. ಅವಳು ಚಿತ್ರ ಹಾಕಿದಳು. ನಾನು ಅಭ್ಯಾಸಬಲದಿಂದ ಅಡುಗೆಮನೆಗೆ ಹೋಗಿ, ಮಿಕ್ಸಿ ಮುಟ್ಟಬೇಡ ಎಂದು ಹೆಂಡತಿಗೆ ಹೇಳಿದೆ. ಮೊಮ್ಮಗಳು ಹಿಂದೆಯೇ ಬಂದಳು.

"ಅಜ್ಜಿ, ಮಿಕ್ಸಿ ಹಾಕಿ. ಟಿವಿನೂ ಹಾಕಿ. ಮನೇಲಿ ಯಾವತ್ತೂ ಹೆಂಗಿರ್ತೀವೋ ಹಂಗೇ ಇರ್ಬೇಕು. ನೀವೆಲ್ಲ ಉಪವಾಸ ಕೂತು ಇದು ಓಡಿದ್ರೆ ಅದು ಓಡಿದ್ದಲ್ಲ."

ನನ್ನ ಹೆಂಡತಿ ಅಂಥ ಮಾತಿಗೆ ಕಾಯುತ್ತಿದ್ದವಳೇ. "ಹೇಳಿದ್ದು ನೀನು, ಆಮೇಲೆ ನಿನ್ನಜ್ಜ ನಂಗೆ ಕಣ್ಣು ಬಿಡ್ಬಾರ್ದು" ಎಂದು ಮಿಕ್ಸಿಗೆ ಕಾಯಿ ತುಂಬಿದಳು. ಮಿಕ್ಸಿ ಕೂಗಿದಾಗ ಬಲ್ಬು ಮಂಕಾಯಿತು, ಮುಳ್ಳು ಇನ್ನೂರ ಹತ್ತಕ್ಕೆ ಇಳಿಯಿತು. ನಾನು ಪರದೆಯ ಹತ್ತಿರ ಓಡಿದೆ. ಚೌಕಗಳು ಮೂಡುತ್ತಲೇ ಇದ್ದವು. ಮಿಕ್ಸಿ ನಿಂತಿತು, ಮುಳ್ಳು ಮೇಲೆ ಬಂತು. ಹೆಂಡತಿ ಮತ್ತೆ ಮಿಕ್ಸಿ ಹಾಕಿದಳು. ಆ ದಿನ ನಮ್ಮ ಮನೆಯಲ್ಲಿ ಕಾಯಿ ಚಟ್ನಿ ಆಯಿತು, ಅದು ಸಾಲದೆಂದು ಶುಂಠಿಯದ್ದು ಆಯಿತು, ಆಮೇಲೆ ಯಾರೂ ಕೇಳದೆ ಇದ್ದರೂ ಸಾರಿನ ಪುಡಿ ಆಯಿತು. ಪ್ರತಿ ಸಲ ಮಿಕ್ಸಿ ಕೂಗಿದಾಗಲೂ ಅವಳು ಅಡುಗೆಮನೆಯ ಬಾಗಿಲಿಂದ ಕತ್ತು ಚಾಚಿ, ಇದೆಯಾ ಹೋಯಿತಾ ಎಂದು ಕೇಳುವಳು. ಇದೆ ಎಂದು ನಾನು ಹೇಳುವೆ.

ನೂರು ನಿಮಿಷಕ್ಕೆ ಒಂದು. ಆಮೇಲೆ ಇನ್ನೊಂದು. ಸಂಜೆ ದನ ಕೊಟ್ಟಿಗೆಗೆ ಬರುವ ಹೊತ್ತಿಗೆ ನಾಲ್ಕು ಚಿತ್ರ ಆಗಿದ್ದವು. ನಾನು ಬೆಳಿಗ್ಗೆಯಿಂದ ಗುಡ್ಡ ಹತ್ತಿರಲಿಲ್ಲ. ಕಾಲುಗಳಿಗೆ ಅದೇ ಒಂದು ವಿಚಿತ್ರ ಅನ್ನಿಸಿತು.

ವಾಯಿದೆಗೆ ಒಂದು ದಿನ ಮುಂಚೆಯೇ ಎಲ್ಲ ಚಿತ್ರ ಮುಗಿದವು. ನಮ್ಮ ಮನೆಯ ಹತ್ತಿರ ಮೊಬೈಲಿಗೆ ರೇಂಜು ಸಿಗುವುದು ಮೇಲಿನ ರಸ್ತೆಯ ತಿರುವಿನಲ್ಲಿ ಮಾತ್ರ. ಅವಳು ಚಿತ್ರಗಳನ್ನು ಫೋನಿಗೆ ಹಾಕಿಕೊಂಡು ಅಲ್ಲಿಗೆ ಹೋಗಿ ಕಳಿಸಿದಳು. ಮರುದಿನ ಬೆಳಿಗ್ಗೆ ಉತ್ತರ ಬಂದಿದೆಯೇ ನೋಡಲು ಮತ್ತೆ ಹೋದಳು. ಎಷ್ಟು ಹೊತ್ತಾದರೂ ಬರಲಿಲ್ಲ. ನಾನು ಸೌದೆ ತರುವ ನೆಪದಲ್ಲಿ ಹಿಂದೆ ಹೋದೆ.

ತಿರುವಿಗೆ ಸ್ವಲ್ಪ ಕೆಳಗೆ ಇದ್ದಾಗ ಅವಳ ದನಿ ಕೇಳಿತು. ಇಂಜಿನಿಯರಿಗೆ ಚಿತ್ರ ಹಿಡಿಸಿದೆ, ಇನ್ನೊಂದು ಮನೆಯ ನಕ್ಷೆ ಕಳಿಸುತ್ತಾರಂತೆ ಎಂದು ಯಾರಿಗೋ ಹೇಳುತ್ತಿದ್ದಳು. ಯಾರಿಗೆ ಎಂದು ಮುಂದಿನ ಮಾತಿನಲ್ಲಿ ಗೊತ್ತಾಯಿತು.

"ಆ ಜಾಗ ಬೇರೆಯವ್ರಿಗೆ ಕೊಡು ಮಾರಾಯ್ತಿ. ನಂಗೆ ಇಲ್ಲೇ ಆಗ್ತದೆ."

ದಾರಿಯ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟೆ. ಅವಳು ಫೋನು ಇಟ್ಟು ಇಳಿದು ಬರುವಾಗ ನನ್ನನ್ನು ನೋಡಿ, ಇಲ್ಲಿ ಯಾಕೆ ಕೂತಿದ್ದೀರಿ, ಸೌದೆ ಎಲ್ಲಿ ಎಂದು ಕೇಳಿದಳು. ಏರು ಹತ್ತಿ ದಮ್ಮು ಬಂತು ಎಂದೆ. ಅವಳು ಸುಳ್ಳು ಎಂದು ಹೇಳಲಿಲ್ಲ. ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತು, ಹೊಸ ಮನೆಯ ನಕ್ಷೆಯಲ್ಲಿ ಎಷ್ಟು ಕೋಣೆ, ಮೆಟ್ಟಿಲು ಯಾವ ಕಡೆ ಎಂದು ಫೋನಿನಲ್ಲಿ ತೋರಿಸತೊಡಗಿದಳು. ನನಗೆ ನಕ್ಷೆ ಓದಲು ಬರುವುದಿಲ್ಲ. ಎಲ್ಲದಕ್ಕೂ ಚೆನ್ನಾಗಿದೆ, ಚೆನ್ನಾಗಿದೆ ಎನ್ನುತ್ತಾ ಹೋದೆ.